ಕೆನ್ನೆಗೆ ಉಜ್ಜಿದ ಅಕ್ಷರಗಳು

ಹುಣಸೆ ಬೀಜದ ಅಂಟು ಕುದಿಯುವ ವಾಸನೆ ಮೂಗಿಗೆ ಬಿದ್ದರೆ, ಗೋಕಾಕದ ಗೊಂಬೆ ಮಾಡುವ ಮನೆಗಳಲ್ಲಿ ಹುಟ್ಟಿದವರಿಗೆಲ್ಲ ಬಣ್ಣದ ಬಾಳೆಹಣ್ಣು, ಸೀತಾಫಲ, ಗಿಳಿ ನೆನಪಾಗುತ್ತವೆ. ನನಗೆ ನೆನಪಾಗುವುದು ಉರ್ದು ಅಕ್ಷರ. ಎಪ್ಪತ್ತು ದಾಟಿದ ಮುದುಕಿ, ಅರಳು ಮರಳು ಎಂದುಕೊಳ್ಳುವವರು ಎಂದುಕೊಳ್ಳಲಿ.

ಕಳೆದ ವಾರ ತವರಿಗೆ ಹೋಗಿದ್ದೆ. ಅಪ್ಪ ಕೂತು ಕೆತ್ತುತ್ತಿದ್ದ ಪಡಸಾಲೆಯನ್ನು ಒಡೆದು ಹೊಸದು ಕಟ್ಟಿಸಬೇಕೆಂದು ತಮ್ಮನ ಮಗ ಸಾಮಾನು ತೆಗೆಯುತ್ತಿದ್ದ. ಹಿತ್ತಲಲ್ಲಿ ಅವನ ಹೆಂಡತಿ ಅಂಟು ಕುದಿಸುತ್ತಿದ್ದಳು. ಅಷ್ಟರಲ್ಲಿ ಅವನು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ.

"ಅತ್ತಿ, ಇದರಾಗ ಏನೋ ಕಟ್ಟಿಗಿ ತುಂಡ ಅದಾವು ನೋಡ. ಒಲಿಗೆ ಹಾಕ್ಲೇನ?"

"ಅದಕ್ಕಿಂತ ಮೊದಲ ನನ್ನ ಹಾಕಪಾ," ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಮುಚ್ಚಳ ತೆಗೆಯುವ ಮೊದಲೇ ಒಳಗೆ ಏನಿದೆಯೆಂದು ನನಗೆ ಗೊತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಅದು. ನನಗೆ ಹತ್ತೊಂಬತ್ತು. ಅವ್ವ ತೀರಿಕೊಂಡಿದ್ದಳು, ತಮ್ಮ ಇನ್ನೂ ಸಾಲಿಗೆ ಹೋಗುವ ಹುಡುಗ, ಮನೆಯ ಕೆಲಸವೆಲ್ಲ ನನ್ನ ಮೇಲೆ, ಹೀಗಾಗಿ ಮದುವೆ ಮುಂದೆ ಮುಂದೆ ಹೋಗಿತ್ತು. ಓಣಿಯ ಹೆಂಗಸರಿಗೆ ನೀರಿನ ದಾರಿಯಲ್ಲಿ ನನ್ನ ಮದುವೆಯಷ್ಟು ರುಚಿಯಾದ ಮಾತು ಇನ್ನೊಂದಿರಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಕಣ್ಣು ಮಂದವಾದರೂ ನಾಲಿಗೆ ಮೊಂಡಾಗದ ಹೆಂಗಸು. ಅಪ್ಪ ಕೆತ್ತುವುದು, ನಾನು ಉಸುಕಿನ ಕಾಗದದಿಂದ ಉಜ್ಜಿ ನುಣುಪು ಮಾಡಿ ಬಣ್ಣ ಹಾಕುವುದು, ಆಯಿ ತಪ್ಪು ಹುಡುಕುವುದು. ಮೂವರೂ ನಮ್ಮ ನಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದೆವು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಾವ ಗೊಂಬೆಯಾಗಲಿ, ಉಜ್ಜಿ ಮುಗಿದ ಮೇಲೆ ಅದನ್ನು ನಮ್ಮದೇ ಕೆನ್ನೆಗೆ ಒಮ್ಮೆ ಉಜ್ಜಿಕೊಳ್ಳಬೇಕು. ಎಲ್ಲಿಯಾದರೂ ಅಂಚು ತಾಕಿದರೆ ಅದು ಬಣ್ಣಕ್ಕೆ ಹೋಗುವಂತಿಲ್ಲ. "ಕೂಸಿನ ಕೈಗೆ ಹತ್ತಬಾರದು" ಎನ್ನುವುದು ಆಯಿಯ ಮಂತ್ರ. ದೇವರ ಹೆಸರನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ, ಇದನ್ನು ಅದರ ಎರಡರಷ್ಟು ಹೇಳುತ್ತಿದ್ದಳು. ಹಾಗೆ ಉಜ್ಜಿ ಉಜ್ಜಿ ನನ್ನ ಬಲಗೆನ್ನೆ ಎಡಗೆನ್ನೆಗಿಂತ ಒರಟಾಗಿದೆ ಎಂದು ಗೆಳತಿಯರು ಕಾಡುತ್ತಿದ್ದರು.

ಮಿರಗದ ಮಳೆ ಹಿಡಿದ ಒಂದು ಬೆಳಿಗ್ಗೆ, ಕೊಡೆ ಮಡಚುತ್ತ ಒಬ್ಬರು ನಮ್ಮ ಕಟ್ಟೆ ಹತ್ತಿದರು. ಬಿಳಿ ಗಡ್ಡ, ತೇಪೆ ಹಾಕಿದ ಶೇರವಾನಿ, ಬಗಲಲ್ಲಿ ಮೇಣಗಪ್ಪಡದಲ್ಲಿ ಸುತ್ತಿದ ಕಾಗದದ ಸುರುಳಿ. ಹುಕ್ಕೇರಿಯ ಇಮಾಮಸಾಬ ಮುನಶಿಯವರು. ಪೇಟೆಯ ಅಚ್ಚಿನ ಮನೆಯಲ್ಲಿ ಉರ್ದು ಬರೆಯುವ ಕೆಲಸ ಅವರದು. ಕನ್ನಡ, ಮರಾಠಿಗೆ ಅಲ್ಲಿ ಅಕ್ಷರಕ್ಕೊಂದರಂತೆ ಸೀಸದ ಅಚ್ಚುಮೊಳೆಗಳಿದ್ದವು. ಉರ್ದು ಮಾತ್ರ ಮುನಶಿಯವರ ಕೈಯಿಂದಲೇ ಆಗಬೇಕು. ಬಿದಿರಿನ ಲೇಖನಿಯಿಂದ ಬರೆದದ್ದನ್ನು ನುಣುಪಾದ ಒಂದು ಕಲ್ಲಿನ ಮೇಲೆ ಇಳಿಸಿ, ಕಲ್ಲಿನಿಂದ ಕಾಗದಕ್ಕೆ ಅಚ್ಚು ತೆಗೆಯುತ್ತಿದ್ದರು. ಆ ವರ್ಷ ಮಾಲಕ ಶಿವಲಿಂಗಪ್ಪನವರು ಮುಂಬಯಿಯಿಂದ ಅರಬೀ ಅಕ್ಷರದ ಹೊಸ ಮೊಳೆ ತರಿಸಿದರು. ಕಲ್ಲು ಅವರ ಹಿತ್ತಲಿಗೆ ಹೋಗಿ ಅರಿವೆ ಒಗೆಯುವ ಕಲ್ಲಾಯಿತು.

"ಆ ಕಲ್ಲಿನ ಮ್ಯಾಲ ಸಾವಕಾರ್ತಿ ಧೋತರ ಬಡಿಯೂದು ನೋಡಿ ಬಂದೇನ್ರಿ ಗೋವಿಂದಪ್ಪಾರ," ಎಂದರು ಮುನಶಿ, ಅಪ್ಪ ಕೊಟ್ಟ ಚಾಪೆಯ ಮೇಲೆ ಕೂರುತ್ತ. "ಇಪ್ಪತ್ತ ವರ್ಷ ಬರದೇನಿ ಅದರ ಮ್ಯಾಲ. ಧೋತರ ಮಾತ್ರ ಭಾಳ ಬೆಳ್ಳಗ ಬರಾಕತ್ತಾವಂತ."

ನಗುತ್ತಲೇ ಹೇಳಿದರು. ಆಮೇಲೆ ಬಂದ ಕಾರಣ ಹೇಳಿದರು. ಮುಂಬಯಿ ಮೊಳೆಗಳು ಸಣ್ಣವು, ಸುದ್ದಿ ಅಚ್ಚು ಹಾಕಲು ಸರಿ. ಆದರೆ ಮುನಶಿಯವರು ಹುಕ್ಕೇರಿಯ ಹೆಣ್ಣುಮಕ್ಕಳಿಗೆಂದು ಒಂದು ಕಾಯ್ದಾ ಬರೆದಿದ್ದರು. ಕಾಯ್ದಾ ಎಂದರೆ ಅಕ್ಷರ ಕಲಿಯುವ ಮೊದಲ ಪುಸ್ತಕ. ಅದಕ್ಕೆ ದೊಡ್ಡ ಅಕ್ಷರ ಬೇಕು. ಅಷ್ಟು ದೊಡ್ಡದನ್ನು ಕಟ್ಟಿಗೆಯಲ್ಲಿ ಕೆತ್ತಿಸಿ ತಂದರೆ, ಅವು ಚೆನ್ನಾಗಿ ಮೂಡಿದರೆ, ಕಾಯ್ದಾ ಅಚ್ಚು ಹಾಕುತ್ತೇನೆಂದು ಶಿವಲಿಂಗಪ್ಪನವರು ಮಾತು ಕೊಟ್ಟಿದ್ದರು.

"ನಾವು ಬಾಳೆಹಣ್ಣು ಮಾಡೂ ಮಂದಿ ರಿ," ಎಂದ ಅಪ್ಪ. "ನಮಗ ನಿಮ್ಮ ಅಕ್ಷರದ ತಲಿ ಯಾವ್ದು, ಕಾಲ ಯಾವ್ದು ಗೊತ್ತಿಲ್ಲ."

"ಅದಕ್ಕ ನಿಮ್ಮ ಕಡೆ ಬಂದೇನಿ. ಓದಾಕ ಬರೂ ಮನಷ್ಯಾ ತನಗ ತಿಳದಂಗ ಕೆತ್ತತಾನ. ನೀವು ನಾ ಬರದಂಗ ಕೆತ್ತತೀರಿ." ಕೊಡೆಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು. "ಮಿರಜದ ಡಾಕ್ಟರು ಹೇಳ್ಯಾರು. ಈ ಕಣ್ಣು ಮುಂದಿನ ಮಳಿಗಾಲ ನೋಡೂದಿಲ್ಲ. ಕಣ್ಣ ಹೋಗ್ಲಿ. ಅದಕ್ಕೂ ಮೊದಲ ನನ್ನ ಕೈ ಎಲ್ಲ್ಯರೆ ಉಳೀಬೇಕು."

ಒಳಗಿನಿಂದ ಆಯಿ ಕೂಗಿದಳು: "ಗೋವಿಂದಾ, ಹೂಂ ಅನ್ನೋ."

ಅಪ್ಪ ಹೂಂ ಅಂದ.

ಆ ಮಳೆಗಾಲವೆಲ್ಲ ಮುನಶಿಯವರು ಸೋಮವಾರ ಹುಕ್ಕೇರಿಯಿಂದ ಸರ್ವಿಸ್ ಮೋಟಾರಿನಲ್ಲಿ ಬಂದು, ಗೋಕಾಕದ ತಮ್ಮ ಬಳಗದವರಲ್ಲಿ ಉಳಿದು, ಗುರುವಾರ ಸಂಜೆ ಮರಳುತ್ತಿದ್ದರು. ಘಟಪ್ರಭೆ ತುಂಬಿ ಹರಿಯುತ್ತಿತ್ತು. ಗಾಳಿ ಈ ಕಡೆ ತಿರುಗಿದ ದಿನ ಗೋಕಾಕ ಫಾಲ್ಸಿನ ಗಿರಣಿಯ ಭೋಂಗಾ ನಮ್ಮ ಪಡಸಾಲೆಯವರೆಗೂ ಕೇಳುತ್ತಿತ್ತು. ಅದು ಕೂಗಿದರೆ ಮುನಶಿಯವರು ಲೇಖನಿ ಕೆಳಗಿಟ್ಟು ಚಹಾ ಕೇಳುವರು.

ಅವರ ಅಕ್ಷರಗಳ ಸ್ವಭಾವ ತಿಳಿಯಲು ನನಗೆ ಒಂದು ತಿಂಗಳೇ ಹಿಡಿಯಿತು. ನಮ್ಮ ಕನ್ನಡದವು ಒಂದರ ಪಕ್ಕ ಒಂದು ದೂರ ಕೂರುತ್ತವೆ. ಅವು ಒಂದರ ಕೈ ಇನ್ನೊಂದು ಹಿಡಿಯುತ್ತವೆ. ಒಂಟಿಯಾಗಿದ್ದಾಗ ಒಂದು ರೂಪ, ಪದದ ಮೊದಲಿಗೆ ಬಂದರೆ ಒಂದು, ನಡುವೆ ಒಂದು, ಕೊನೆಗೆ ಒಂದು. ಅಷ್ಟೇ ಅಲ್ಲ, ಮುನಶಿಯವರು ಜೀವಮಾನವೆಲ್ಲ ಬರೆದ ಬರಹದಲ್ಲಿ ಪದಗಳು ಮೇಲಿನಿಂದ ಕೆಳಕ್ಕೆ ಜಾರುತ್ತ ಬರುತ್ತಿದ್ದವು. ಕಟ್ಟಿಗೆಯ ತುಂಡು ಜಾರಲಾರದು, ಎಲ್ಲವೂ ಒಂದೇ ಮಟ್ಟದ ಮೇಲೆ ಕೂರಬೇಕು. ಹೀಗಾಗಿ ಆ ವಯಸ್ಸಿನಲ್ಲಿ ಅವರು ತಮ್ಮ ಕೈಯನ್ನೇ ಮರೆಸಿ, ಸಪಾಟಾಗಿ ನಿಲ್ಲುವ ಹೊಸ ಅಕ್ಷರಗಳನ್ನು ಕಟ್ಟಿದರು. ಲೇಖನಿಯ ಚುಕ್ಕೆಯೇ ಅವರ ಅಳತೆ. ಈ ಅಕ್ಷರ ಐದು ಚುಕ್ಕೆ ಎತ್ತರ, ಈ ಹೊಟ್ಟೆ ಮೂರು ಚುಕ್ಕೆ ಅಗಲ. ಚುಕ್ಕೆ ಅರ್ಧ ಹೆಚ್ಚಾದರೂ ಕಾಗದ ಹರಿದು ಹೊಸದು ತೆಗೆದುಕೊಳ್ಳುತ್ತಿದ್ದರು.

"ನನ್ನ ಉಸ್ತಾದರು ಇದನ್ನ ನೋಡಿದ್ರ ಕಿವಿ ಹಿಂಡತಿದ್ರು ಬೇಟಿ," ಎಂದು ನನಗೆ ಹೇಳುವರು. "ಇವು ನನ್ನ ಕೈಲೆ ಹುಟ್ಟಿದ ಮಕ್ಕಳು ಖರೆ, ಆದ್ರ ಅಜ್ಜನ ಮಾರಿ ಇಲ್ಲ."

ತೆಳುಕಾಗದದ ಮೇಲೆ ಬರೆದದ್ದನ್ನು ನಾನು ಹುಣಸೆ ಬೀಜದ ಅಂಟಿನಿಂದ ಕಟ್ಟಿಗೆಗೆ ಬೋರಲಾಗಿ ಅಂಟಿಸುತ್ತಿದ್ದೆ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಿದರೆ ಮಾತ್ರ ಕಾಗದಕ್ಕೆ ನೆಟ್ಟಗೆ ಮೂಡುತ್ತದೆ. ಗೊಂಬೆಯ ಹಗುರ ಕಟ್ಟಿಗೆ ಇದಕ್ಕೆ ಆಗದೆಂದು ಅಪ್ಪ ಹಳೆಯ ಪೇರಲ ಗಿಡದ ಗಟ್ಟಿ ಕಟ್ಟಿಗೆ ತಂದಿದ್ದ. ಕೆತ್ತುತ್ತ ಹೋದಂತೆ ಮೇಲಿನ ಕಾಗದ ಚಕ್ಕೆಯ ಜೊತೆ ಹಾರಿ ಹೋಗುತ್ತಿತ್ತು. ಮುನಶಿಯವರು ಬರೆದ ಒಂದೊಂದು ಅಕ್ಷರವೂ ಹೀಗೆ ಕಾಗದದಿಂದ ಅಳಿದು ಕಟ್ಟಿಗೆಯಲ್ಲಿ ಉಳಿಯಿತು. ಬೇರೆ ಪ್ರತಿ ಇರಲಿಲ್ಲ.

ಮೊದಲ ಹತ್ತು ಅಕ್ಷರ ಆದಾಗ ಅಪ್ಪ, ಮುನಶಿ ಇಬ್ಬರೂ ಅಚ್ಚಿನ ಮನೆಗೆ ಹೋಗಿ ಪರೀಕ್ಷೆ ಮಾಡಿಕೊಂಡು ಬಂದರು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮುನಶಿಯವರು ಒದ್ದೆ ಕಾಗದವನ್ನು ನನ್ನ ಮುಖದ ಮುಂದೆ ಹಿಡಿದರು. ಐದು ಅಕ್ಷರದ ಒಂದೇ ಪದ, ಎಲ್ಲಿಂದ ಎಲ್ಲಿಗೆ ಯಾವ ತುಂಡು ಎಂದು ತಿಳಿಯದ ಹಾಗೆ ಕೂಡಿಕೊಂಡಿತ್ತು.

"ಕೈ ಕೈ ಹಿಡದಾವ ನೋಡ ಬೇಟಿ!" ಎಂದು ಹುಡುಗರ ಹಾಗೆ ಕುಣಿದರು. ಆ ದಿನದ ಅವರ ಮುಖವನ್ನು ನಾನು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಆಗ ಅಲ್ಲಿ ಏನು ಮಾತಾಯಿತೆಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೂಡುವ ಗೆರೆ ತುಂಡಿನ ಕಟ್ಟಕಡೆಯ ಅಂಚಿನವರೆಗೆ ಹೋಗಬೇಕು, ಆ ಅಂಚು ಚೂರಿಯ ಹಾಗೆ ಹರಿತವಾಗಿ, ಚೌಕಾಗಿಯೇ ಇರಬೇಕು, ಆಗ ಮಾತ್ರ ಪಕ್ಕದ ತುಂಡಿನ ಗೆರೆ ಅದಕ್ಕೆ ಹತ್ತಿ ಕೂರುತ್ತದೆ ಎಂದು ಮೊಳೆ ಜೋಡಿಸುವ ಸತ್ಯಪ್ಪ ಅಪ್ಪನಿಗೆ ಅಲ್ಲಿ ತೋರಿಸಿ ಹೇಳಿದ್ದನಂತೆ. ಅಪ್ಪ ತಿಳಿದುಕೊಂಡ, ಹಾಗೆಯೇ ಕೆತ್ತಿದ. ಉಜ್ಜುವ ಕೆಲಸ ಆ ಅಕ್ಷರಗಳಿಗೆ ಇರಲೇ ಇಲ್ಲ, ಹೀಗಾಗಿ ನನಗೆ ಹೇಳುವ ಪ್ರಸಂಗವೂ ಬರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಮುನಶಿಯವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಬರೆಯತೊಡಗಿದ್ದರು. ಒಂದು ಮಧ್ಯಾಹ್ನ ಮಳೆ ನಿಂತು, ಅಂಗಳದ ತುಂಬ ಕಣ್ಣು ಕುಕ್ಕುವ ಬಿಸಿಲು ಬಿದ್ದಿತ್ತು. "ಇವತ್ತ ಭಾಳ ಮಾಡ ಹಾಕೇತಿ ಅಲ್ಲ ಬೇಟಿ?" ಎಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಉಳಿ ನೋಡಿದ. "ಹೌದ್ರಿ ಕಾಕಾ, ಮಾಡ ಹಾಕೇತಿ," ಎಂದೆ. ಇಲ್ಲದ ಮೋಡದ ಆ ಮಾತು, ಅವರಿಗೆ ನಾನು ಹೇಳಿದ ಮೊದಲ ಸುಳ್ಳು.

ದಸರೆಯ ಹಿಂದೆಯೇ ನನ್ನ ಮದುವೆ ಗೊತ್ತಾಯಿತು. ಮೂಡಲಗಿಯ ಗಂಡು, ಸಾಲಿ ಮಾಸ್ತರ. ದೀಪಾವಳಿ ಕಳೆದ ಮೇಲೆ ಲಗ್ನದ ಅಕ್ಕಿಕಾಳು. ಮುನಶಿಯವರು ಕೊನೆಯ ಅಕ್ಷರವನ್ನು ಅಂದಾಜಿನ ಮೇಲೆಯೇ ಬರೆದು ಕೊಟ್ಟು ಹುಕ್ಕೇರಿಗೆ ಹೋದರು. ಅಪ್ಪ ಅದನ್ನೂ ಕೆತ್ತಿ ಮುಗಿಸಿ, ಮದುವೆಯ ಮಾತಿಗೆ ಮೂಡಲಗಿ, ಕಲ್ಲೋಳಿ ಎಂದು ಎಂಟು ದಿನ ತಿರುಗಲು ಹೊರಟ. ಹೋಗುವಾಗ, "ತುಳಸಾ, ಅಕ್ಷರದ ಮ್ಯಾಲಿನ ಧೂಳಾ ಝಾಡಿಸಿ ಪೆಟಗ್ಯಾಗ ಇಡವಾ. ಮುನಶಿಯವರು ಒಯ್ಯಾಕ ಬರ್ತಾರು," ಎಂದ.

ಧೂಳು ಝಾಡಿಸಿ ಇಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒಂದು ತುಂಡು ಕೈಗೆತ್ತಿಕೊಂಡೆ. ಅಂಚು ಬೆರಳಿಗೆ ಚುರುಕ್ ಎಂದಿತು. ಅಪ್ಪನಿಗೆ ಮದುವೆಯ ಗಡಿಬಿಡಿ, ಉಜ್ಜಲು ಮರೆತಿದ್ದಾನೆ ಎಂದುಕೊಂಡೆ. ಇವು ಪುಟ್ಟ ಹುಡುಗಿಯರ ಪುಸ್ತಕದ ಅಕ್ಷರ. ಮುನಶಿ ಕಾಕಾ ಕಣ್ಣಿಲ್ಲದೆ ಕೈಯಿಂದಲೇ ಇವನ್ನು ಮುಟ್ಟಿ ನೋಡುವವರು. ತವರಿನಲ್ಲಿ ನಾನು ಮಾಡುವ ಕೊನೆಯ ಕೆಲಸವೂ ಇದೇ. ಎಂಟು ದಿನ ಕೂತು ಒಂದೊಂದನ್ನೂ ಉಜ್ಜಿದೆ, ನಾಲ್ಕೂ ಅಂಚು. ಮೊದಲಿನ ಹತ್ತನ್ನೂ ಬಿಡಲಿಲ್ಲ. ಒಂದೊಂದನ್ನೂ ಕೆನ್ನೆಗೆ ಉಜ್ಜಿ ನೋಡಿದೆ. ಆಯಿಯೂ ತನ್ನ ಸುಕ್ಕುಗೆನ್ನೆಗೆ ಉಜ್ಜಿಕೊಂಡು, "ಇವತ್ತ ನಮ್ಮ ಮನಿತನದ ಕೆಲಸಾ ಕಲತಿ ನೋಡ," ಎಂದಳು. ಹುಟ್ಟಿದಾಗಿನಿಂದ ಆಯಿ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅಪ್ಪ ಊರಿಗೆ ಬಂದ ಮರುದಿನವೇ ಮುನಶಿಯವರು ಬಂದರು. ಅಳಿಯ ಕೈಹಿಡಿದು ಕರೆತಂದಿದ್ದ. ನಾನು ಪೆಟ್ಟಿಗೆ ತೆರೆದು ಒಂದು ತುಂಡನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳು ಅಕ್ಷರದ ಬೆನ್ನು ಸವರಿ, ಹೊಟ್ಟೆ ಸವರಿ, ಕೂಡುವ ಗೆರೆ ಹಿಡಿದು ಅಂಚಿಗೆ ಬಂದು ನಿಂತಿತು. ಅಲ್ಲೇ ಇತ್ತು ಬಹಳ ಹೊತ್ತು. ಇನ್ನೊಂದು ತೆಗೆದುಕೊಂಡರು. ಮತ್ತೊಂದು. ಅಪ್ಪನೂ ಒಂದನ್ನು ಎತ್ತಿಕೊಂಡ. ಅಪ್ಪನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಮಗಳು ಹೊರಟಳೆಂಬ ಸಂಕಟ ಎಂದುಕೊಂಡೆ.

"ಯಾರು ಉಜ್ಜಿದ್ರು ಇವನ್ನ?" ಎಂದರು ಮುನಶಿ.

"ನಾನರಿ ಕಾಕಾ," ಎಂದೆ. ಹೆಮ್ಮೆಯಿಂದ ಹೇಳಿದೆ, ಅದೇ ಈಗಲೂ ಸುಡುತ್ತದೆ. "ಎಲ್ಲಾ ಉಜ್ಜೇನ್ರಿ. ಒಂದೂ ಬಿಟ್ಟಿಲ್ಲ."

ಅವರು ಆ ತುಂಡನ್ನು ನಿಧಾನವಾಗಿ ತಮ್ಮ ಕೆನ್ನೆಗೆ ಒತ್ತಿಕೊಂಡರು. ಗಡ್ಡದ ಮೇಲಿನ ಬರಿಯ ಜಾಗಕ್ಕೆ. "ಛಲೋ ಆಗ್ಯಾವ ಬೇಟಿ. ಭಾಳ ಛಲೋ ಆಗ್ಯಾವ," ಎಂದರು. ಶೇರವಾನಿಯ ಕಿಸೆಯಿಂದ ತಮ್ಮ ಬಿದಿರಿನ ಲೇಖನಿ ತೆಗೆದು ನನ್ನ ಕೈಗಿಟ್ಟರು. "ಲಗ್ನದ ಆಹೇರಿ. ನನಗ ಇನ್ನ ಇದರ ಕೆಲಸಿಲ್ಲ."

ನಾನು ಅವರ ಕಾಲು ಮುಟ್ಟಿ, ಮದುವೆಯಾಗಿ ಮೂಡಲಗಿಗೆ ಹೋದೆ.

ಮುಂದಿನ ವರ್ಷ ಬಾಣಂತನಕ್ಕೆ ತವರಿಗೆ ಬಂದವಳು ಮೊದಲು ಕೇಳಿದ್ದೇ ಕಾಯ್ದಾ. "ಅಚ್ಚಾತವಾ. ಪ್ರತಿ ಎಲ್ಲಾ ಖರ್ಚ ಆಗಿ ಹೋದ್ವು," ಎಂದ ಅಪ್ಪ, ಗೋಡೆ ನೋಡುತ್ತ. ಅಪ್ಪನಿಗೆ ಬಾಳೆಹಣ್ಣು ಮಾಡಲು ಬರುತ್ತಿತ್ತು, ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಗಳು ಹುಟ್ಟಿ ನಾನು ಓಡಾಡುವಂತಾದ ಮೇಲೆ, ಒಂದು ಪ್ರತಿಯಾದರೂ ಸಿಕ್ಕೀತೆಂದು ಅಚ್ಚಿನ ಮನೆಗೆ ಹೋದೆ. ಮಾಲಕರು ಇರಲಿಲ್ಲ. ಸತ್ಯಪ್ಪ ಮೊಳೆಗಳ ಖಾನೆಯ ಕೆಳಗಿನಿಂದ ಒಂದು ಹಾಳೆ ಎಳೆದ.

"ಇದೊಂದ ಹಾಳಿ ರಿ ತೆಗದದ್ದು. ನೋಡ್ರಿ ನೀವ."

ನೋಡಿದೆ. ಮುನಶಿಯವರ ಅಕ್ಷರಗಳೇ. ಆದರೆ ಕೂಡಬೇಕಾದ ಕಡೆಯಲ್ಲೆಲ್ಲ ಕೂದಲಿನಷ್ಟು ಬಿಳಿ ಬಿರುಕು. ನಾನು ಉಜ್ಜಿ ದುಂಡಗೆ ಮಾಡಿದ ಅಂಚಿಗೆ ಮಸಿ ಹತ್ತಿರಲಿಲ್ಲ. ಹಾಳೆಯ ತುಂಬ ಒಂದು ಪದವೂ ಇಡಿಯಾಗಿ ಇರಲಿಲ್ಲ. ಕೈ ಹಿಡಿಯಲು ಚಾಚಿ, ಹಿಡಿಯದೆ ನಿಂತಿದ್ದವು. ಮುನಶಿಯವರು ನನಗೆ ಕಲಿಸಿದ ಅಕ್ಷರಗಳು, ಒಂದೊಂದರ ಹೆಸರೂ ನನಗೆ ಗೊತ್ತಿತ್ತು.

"ಮಾಲಕರು ಇದೇನ ಹಲ್ಲ ಬಿದ್ದ ಮುದುಕನ ಬಾಯಿ ಅಂದ್ರು," ಎಂದ ಸತ್ಯಪ್ಪ. "ನಿಮ್ಮ ಅಪ್ಪಾರು ನಾಕ ತುಂಡಿನ ಬಾಜೂ ಕೊರದ ನೋಡಿದ್ರು. ಬಿರುಕ ಹೋತು, ಅದರ ಜೋಡಿ ಅಕ್ಷರದ ಹೊಟ್ಟಿನೂ ಹೋತು. ಹೊಸಾದು ಕೆತ್ತಬೇಕಂದ್ರ ಬರದ ಕಾಗದಿಲ್ಲ, ಬರಿಯೂ ಕಣ್ಣಿಲ್ಲ. ಮುನಶಿಯವರಿಗೆ ಮುಟ್ಟಿದ ದಿನಾನ ಗೊತ್ತಾಗಿತ್ರಿ. ಲಗ್ನದ ಹುಡಿಗಿಗೆ ಯಾರೂ ಏನೂ ಅನ್ನಬ್ಯಾಡ್ರಿ, ಕೇಳಿದ್ರ ಅಚ್ಚಾತು ಅಂತ ಹೇಳ್ರಿ ಅಂದಿದ್ರು. ನಾ ಹೇಳಬಾರದಾಗಿತ್ತು."

ಅಂದು ಮನೆಯವರೆಗೆ ಹೇಗೆ ನಡೆದು ಬಂದೆನೋ ತಿಳಿಯದು. ಅಳು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತು. ನಾಲ್ಕು ದಿನ ಕೂಸಿಗೆ ಹಾಲು ಸರಿಯಾಗಿ ಇಳಿಯಲಿಲ್ಲ. ಐದನೆಯ ದಿನ ಅಪ್ಪನನ್ನು ಕರೆದುಕೊಂಡು, ಕೂಸನ್ನು ಎತ್ತಿಕೊಂಡು, ಹುಕ್ಕೇರಿಯ ಮೋಟಾರು ಹತ್ತಿದೆ. ಕಾಲಿಗೆ ಬಿದ್ದು ತಪ್ಪು ಒಪ್ಪಿಕೊಳ್ಳಬೇಕು, ಅಷ್ಟೇ ಇತ್ತು ತಲೆಯಲ್ಲಿ.

ಗುಮ್ಮಟಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಸೊರಗಿ ಅರ್ಧವಾಗಿದ್ದರು. ನನ್ನ ದನಿ ಕೇಳಿ ಮುಖ ತಿರುಗಿಸಿದರು, ಕಣ್ಣು ಮಾತ್ರ ಬೇರೆಲ್ಲೋ ನೋಡುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಬಂದೀ ಬೇಟಿ? ಕಾಯ್ದಾ ಅಚ್ಚಾತ ನೋಡ! ಹುಕ್ಕೇರಿ ಹುಡಿಗೇರು ಎಲ್ಲಾ ಒಯ್ದ ಬಿಟ್ರು. ನಿನಗಂತ ಒಂದ ಪ್ರತಿ ತಗದ ಇಟ್ಟಿದ್ನಿ, ಅದನ್ನೂ ಯಾರೋ ಒಯ್ದಾರ."

ಹೇಳುತ್ತ ನಕ್ಕರು. ಅಪ್ಪ ಬೇವಿನ ಬೊಡ್ಡೆಯ ಕಡೆ ತಿರುಗಿ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ನಾನು ಅಲ್ಲೇ ಕೈಬಿಟ್ಟೆ. ಆ ಮುದುಕ ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ನಾನು ಎರಡನೆಯ ಸಲ ಹೇಗೆ ಕೆಡಿಸಲಿ?

"ನೋಡೇನ್ರಿ ಕಾಕಾ," ಎಂದೆ. "ಅಚ್ಚಿನ ಮನ್ಯಾಗ ಒಂದ ಪ್ರತಿ ಇತ್ತು. ಭಾಳ ಛಲೋ ಬಂದೈತಿ."

ಅವರ ನಗೆ ನಿಂತಿತು. ಕುತ್ತಿಗೆ ನನ್ನ ಕಡೆ ಚಾಚಿದರು. "ಹೆಂಗ ಬಂದಾವ? ಹೇಳ."

ಹೇಳಿದೆ. ಮೊದಲ ಪುಟದಲ್ಲಿ ಅಲಿಫ್ ಹೇಗೆ ಐದು ಚುಕ್ಕೆ ಎತ್ತರ ನೆಟ್ಟಗೆ ನಿಂತಿದೆ, ಎರಡನೆಯ ಪುಟದಲ್ಲಿ ಯಾವ ಅಕ್ಷರದ ಹೊಟ್ಟೆ ಎಷ್ಟು ತುಂಬಿಕೊಂಡಿದೆ, ಐದು ಅಕ್ಷರದ ಪದ ಹೇಗೆ ಒಂದೇ ಉಸಿರಿನಲ್ಲಿ ಬರೆದಂತಿದೆ. ಇಲ್ಲದ ಪುಸ್ತಕದ ಒಂದೊಂದು ಪುಟವನ್ನೂ ತಿರುವಿ ಹೇಳಿದೆ. ಅವರು ಕೈಕಟ್ಟಿ ಕೇಳಿದರು, ನಡುನಡುವೆ ತಲೆ ಆಡಿಸಿದರು.

"ಕೂಡ್ಯಾವೇನ?" ಎಂದರು ಕೊನೆಗೆ, ಬಹಳ ಮೆಲ್ಲಗೆ. "ಕೈ ಕೈ ಹಿಡದಾವೇನ?"

"ಹಿಡದಾವ್ರಿ ಕಾಕಾ."

ನಾವು ಹೊರಡಲು ಎದ್ದಾಗ ಅವರು ಹೊರಸಿನ ಕೆಳಗೆ ತಡಕಾಡಿ ಅಕ್ಷರಗಳ ಆ ತಗಡಿನ ಪೆಟ್ಟಿಗೆ ಎಳೆದು, ಕೂಸಿರುವ ಕಡೆ ಅಂದಾಜಿನ ಮೇಲೆ ಚಾಚಿದರು.

"ನಿನ್ನ ಕೂಸಿಗೆ ಒಯ್ಯ ಬೇಟಿ, ಆಡಾಕ. ಕೈಗೆ ಹತ್ತೂದಿಲ್ಲ."

ಅವರಿಗೆ ಎಲ್ಲ ಗೊತ್ತಿತ್ತು. ನನಗೆ ಗೊತ್ತಿರುವುದೂ ಅವರಿಗೆ ಗೊತ್ತಾಗಿತ್ತು. ಮೋಟಾರಿನಲ್ಲಿ ಗೋಕಾಕ ಮುಟ್ಟುವವರೆಗೂ ನಾನು ಅತ್ತೆ. ಆ ವರ್ಷ ಮುಗಿಯುವ ಮುಂಚೆ ಅವರು ಹೋದರೆಂದು ಸುದ್ದಿ ಬಂತು.

ಪೆಟ್ಟಿಗೆಯನ್ನು ಮೂಡಲಗಿಗೆ ಒಯ್ಯುವ ಧೈರ್ಯ ನನಗಾಗಲಿಲ್ಲ. ತವರಿನ ಅಟ್ಟಕ್ಕೆ ಏರಿಸಿ ಹೋದೆ. ಮಧ್ಯದಲ್ಲಿ ಮನೆಯ ಮಕ್ಕಳು ಯಾರಾದರೂ ತೆಗೆದು ಆಡಿರಬೇಕು, ಈಗ ಉಳಿದಿರುವುದು ಹನ್ನೊಂದು. ಮೂಲೆಯಲ್ಲಿ ಕೂತು ಸೆರಗಿನಿಂದ ಧೂಳು ಒರೆಸಿದೆ. ಅಪ್ಪ ಅಂದು ಹೇಳಿದ್ದು ಇಷ್ಟೇ ಕೆಲಸ. ಆಮೇಲೆ ಒಂದೊಂದನ್ನೇ ಕೆನ್ನೆಗೆ ಉಜ್ಜಿ ನೋಡಿದೆ. ಒಂದೂ ಚುಚ್ಚಲಿಲ್ಲ.